ಬಿಇ ಹುಡುಗರ ಕೈಲಿ ‘ಪೇಪರ್’ ಬರೆಸುವುದನ್ನು ಮೊದಲು ನಿಲ್ಲಿಸಿ

ಕಳೆದ ಅಕ್ಟೋಬರಿನ ಒಂದು ಮಂಗಳವಾರ ರಾತ್ರಿ ಹತ್ತೂವರೆಗೆ ಅಕ್ಕನ ಮಗ ಫೋನ್ ಮಾಡಿದ. ಅಮೆರಿಕದವರ ಕಾಲ್ ಆಗಷ್ಟೇ ಮುಗಿಸಿ, ಆರಿದ ಅನ್ನದ ಮುಂದೆ ಕೂತಿದ್ದೆ.

“ಮಾಮಾ, ಒಂದು ಪೇಪರ್ ಐತ್ರಿ. ಇಂಗ್ಲಿಷ್ ಒಂದೀಟು ನೋಡಿ ಕೊಡ್ರಿ. ನಾಳೆ ಮಧ್ಯಾಹ್ನ ಹನ್ನೆರಡಕ್ಕ ಲಾಸ್ಟು.”

“ಏನ್ ಪೇಪರೊ?”

“ರಿಸರ್ಚ್ ಪೇಪರ್ರಿ. ಇಂಟರ್‌ನ್ಯಾಶನಲ್ ಕಾನ್ಫರೆನ್ಸ್.”

ನನಗೆ ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಎರಡೆಕರೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಮನೆಯ ಹುಡುಗ, ಕನ್ನಡ ಮಾಧ್ಯಮದಲ್ಲಿ ಹತ್ತನೇ ಇಯತ್ತೆವರೆಗೆ ಓದಿದವನು, ಈಗ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿ ಅಂತರರಾಷ್ಟ್ರೀಯ ಪೇಪರ್ ಬರೆಯುತ್ತಿದ್ದಾನೆ. ಊಟ ಬಿಟ್ಟು ಲ್ಯಾಪ್‌ಟಾಪ್ ತೆರೆದೆ.

ಆರು ಪುಟ, ಎರಡು ಕಾಲಂ, ಲೇಖಕರ ಜಾಗದಲ್ಲಿ ಆರು ಹೆಸರು. ನಾಲ್ವರು ಹುಡುಗರು, ಒಬ್ಬ ಗೈಡ್, ಒಬ್ಬ ಎಚ್‌ಒಡಿ. ವಿಷಯ: ಡೀಪ್ ಲರ್ನಿಂಗ್ ಮೂಲಕ ಎಲೆಯ ಫೋಟೋ ನೋಡಿ ಬೆಳೆಯ ರೋಗ ಪತ್ತೆ ಮಾಡುವುದು. ಫಲಿತಾಂಶ: ಶೇ 98.2 ನಿಖರತೆ. ಓದುತ್ತಾ ಹೋದೆ. ಎರಡನೇ ಪುಟದಲ್ಲಿ ಒಂದು ವಿಚಿತ್ರ ಪದ ಕಂಡಿತು. ‘ರ‍್ಯಾಂಡಮ್ ಫಾರೆಸ್ಟ್’ ಎಂದು ನಾವೆಲ್ಲ ಹೇಳುವ ಅಲ್ಗಾರಿದಮ್ ಅಲ್ಲಿ ‘ಆರ್ಬಿಟ್ರರಿ ಟಿಂಬರ್‌ಲ್ಯಾಂಡ್’ ಆಗಿತ್ತು. ಅಂದರೆ ‘ಅಡ್ಡಾದಿಡ್ಡಿ ಕಾಡುಭೂಮಿ’. ಬೇರೆ ಯಾರದೋ ಪೇಪರಿನ ಪ್ಯಾರಾ ಎತ್ತಿ, ಕೃತಿಚೌರ್ಯದ ಸಾಫ್ಟ್‌ವೇರಿಗೆ ಸಿಗದಿರಲೆಂದು ಪದ ಬದಲಿಸುವ ಆ್ಯಪ್‌ಗೆ ಹಾಕಿದ್ದರು. ಪಾಪ, ಆ ಆ್ಯಪ್ ಸಮಾನಾರ್ಥಕ ಪದ ಹುಡುಕಿ ಕೊಟ್ಟಿತ್ತು.

ಇದು ನನ್ನ ಅಳಿಯನೊಬ್ಬನದೇ ಕಸುಬಲ್ಲ. ಗಿಯೋಮ್ ಕಬನಾಕ್, ಸಿರಿಲ್ ಲಬ್ಬೆ, ಅಲೆಕ್ಸಾಂಡರ್ ಮಗಜಿನೋವ್ ಎಂಬ ಮೂವರು 2021ರಲ್ಲಿ ಇಂಥ ಪದಗಳನ್ನು ಹೆಕ್ಕಿ ‘ಚಿತ್ರಹಿಂಸೆಗೊಳಗಾದ ಪದಗುಚ್ಛಗಳು’ ಎಂದು ಹೆಸರಿಟ್ಟರು. ಅವರಿಗೆ ಸಿಕ್ಕಿದ್ದರಲ್ಲಿ ಕೃತಕ ಬುದ್ಧಿಮತ್ತೆ ‘ಖೋಟಾ ಪ್ರಜ್ಞೆ’ ಆಗಿತ್ತು, ಸ್ತನ ಕ್ಯಾನ್ಸರ್ ‘ಎದೆಯ ಗಂಡಾಂತರ’ ಆಗಿತ್ತು. ಓದಿದಾಗ ನಕ್ಕಿದ್ದೆ. ಮನೆಯ ಹುಡುಗನ ಪೇಪರಿನಲ್ಲಿ ಕಂಡಾಗ ನಗು ಬರಲಿಲ್ಲ.

ಆದರೂ ಏನು ಮಾಡಿದೆ ಗೊತ್ತೇ? ‘ಕಾಡುಭೂಮಿ’ ತೆಗೆದು ‘ರ‍್ಯಾಂಡಮ್ ಫಾರೆಸ್ಟ್’ ಎಂದು ತಿದ್ದಿದೆ. ಇಂಗ್ಲಿಷನ್ನು ಇಸ್ತ್ರಿ ಮಾಡಿ, ರಾತ್ರಿ ಒಂದೂವರೆಗೆ ವಾಪಸ್ ಕಳಿಸಿದೆ. ಪೇಪರ್ ಕಳಿಸಿದ ಎರಡೇ ದಿನಕ್ಕೆ ‘ಸ್ವೀಕೃತವಾಗಿದೆ’ ಎಂಬ ಮೇಲ್ ಬಂತು. ವಿಮರ್ಶಕರ ಅಭಿಪ್ರಾಯ ಒಂದೇ ಸಾಲು: ಚಿತ್ರಗಳ ಕೆಳಗಿನ ಅಕ್ಷರದ ಅಳತೆ ಸರಿಪಡಿಸಿ. ನೋಂದಣಿ ಶುಲ್ಕ 4,500 ರೂಪಾಯಿ. ಅದನ್ನೂ ನಾನೇ ಯುಪಿಐ ಮಾಡಿದೆ. ಈ ಲೇಖನದಲ್ಲಿ ಯಾರನ್ನಾದರೂ ಬೈದರೆ ಆ ಸಾಲಿನಲ್ಲಿ ಮೊದಲು ನಿಂತವನು ನಾನು, ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ.

ನನ್ನ ವಾದ ಸರಳ. ಪದವಿ ಓದುವ ಹುಡುಗ ಹುಡುಗಿಯರು ಸಂಶೋಧನೆ ಮಾಡಬೇಕು, ಖಂಡಿತ ಮಾಡಬೇಕು. ಆದರೆ ಅವರಿಂದ ‘ಪ್ರಕಟಿತ ಪೇಪರ್’ ಕೇಳುವುದು, ಅದಕ್ಕೆ ಮಾರ್ಕ್ಸ್ ಕೊಡುವುದು, ಅದನ್ನು ನೋಡಿ ಕೆಲಸ ಕೊಡುವುದು ಸಂಶೋಧನೆಯನ್ನೇ ಕೊಲ್ಲುವ ಕೆಲಸ. ಇಪ್ಪತ್ತೊಂದು ವಯಸ್ಸಿಗೆ ನಾವು ಅವರಿಗೆ ಕಲಿಸುತ್ತಿರುವುದು ಮುದ್ದಾಗಿ ಸುಳ್ಳು ಜೋಡಿಸುವುದನ್ನು, ಎರಡು ಕಾಲಮ್ಮಿನಲ್ಲಿ.

ದೀಪಾವಳಿಗೆ ಊರಿಗೆ ಹೋದೆ. ಹಬ್ಬದ ಮರುದಿನ ಭಾವನ ಜೊತೆ ಹೊಲಕ್ಕೆ ಹೋದಾಗ ಅಳಿಯನೂ ಬಂದ. ಗಿಡಗಳು ಮೊಣಕಾಲು ದಾಟಿದ್ದವು, ಕೆಲವು ಸಾಲಿನಲ್ಲಿ ಎಲೆ ಮುದುಡಿಕೊಂಡಿದ್ದವು. ತಮಾಷೆಗೆಂದು ಕೇಳಿದೆ: “ನಿನ್ನ ಮಾಡೆಲ್ಲು ಫೋನಿನ್ಯಾಗ ಐತೇನೋ? ಈ ಎಲಿ ತೋರ್ಸು ನೋಡೋಣ.”

ಇತ್ತು. ತೋರಿಸಿದ. ಅರುವತ್ತು ಚಿಲ್ಲರೆ ಎಲೆಗಳ ಫೋಟೋ ತೆಗೆದೆವು. ಮಾಡೆಲ್ ಹೆಚ್ಚಿನವನ್ನು ಟೊಮೆಟೊ ಎಂದಿತು. ಕೆಲವನ್ನು ಆಲೂಗಡ್ಡೆ ಎಂದಿತು. ಎರಡು ಎಲೆಗಳನ್ನು ಚೆರ್ರಿ ಎಂದಿತು, ಹಾವೇರಿ ಜಿಲ್ಲೆಯಲ್ಲಿ! ಭಾವ ಬಹಳ ಹೊತ್ತು ನಕ್ಕರು. ಅಳಿಯ ನಗಲಿಲ್ಲ.

ಇದಕ್ಕೆ ಕಾರಣ ಗುಟ್ಟಿನದೇನಲ್ಲ. ಇಂಥ ವಿದ್ಯಾರ್ಥಿ ಪೇಪರುಗಳಲ್ಲಿ ಮತ್ತೆ ಮತ್ತೆ ಕಾಣುವ ‘ಪ್ಲಾಂಟ್‌ವಿಲೇಜ್’ ಎಂಬ ಚಿತ್ರಸಂಗ್ರಹವೇ ಇವರದಕ್ಕೂ ಆಧಾರ. ಅದರಲ್ಲಿ 54,306 ಚಿತ್ರಗಳು, 14 ಬೆಳೆಗಳು, ಬೆಳೆ ಮತ್ತು ರೋಗ ಜೋಡಿಸಿದ 38 ವರ್ಗಗಳು. ಗಿಡದಿಂದ ಕಿತ್ತ ಒಂದೊಂದೇ ಎಲೆಯನ್ನು ಸಪಾಟು ಹಿನ್ನೆಲೆಯ ಮೇಲಿಟ್ಟು ತೆಗೆದ ಫೋಟೋಗಳು. ಅದರಲ್ಲಿರುವ ಮೆಣಸಿನಕಾಯಿ ಎಂದರೆ ದೊಣ್ಣೆ ಮೆಣಸಿನಕಾಯಿ, ಬ್ಯಾಡಗಿ ಅಲ್ಲ. 2016ರಲ್ಲಿ ಈ ಚಿತ್ರಗಳ ಮೇಲೆ ಮೊದಲ ದೊಡ್ಡ ಪೇಪರ್ ಬರೆದವರು ಶೇ 99.35 ನಿಖರತೆ ವರದಿ ಮಾಡಿದ್ದರು ನಿಜ. ಆದರೆ ಅವರು ಪ್ರಾಮಾಣಿಕರು: ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋ ಕೊಟ್ಟಾಗ ನಿಖರತೆ ಶೇ 31ರ ಆಸುಪಾಸಿಗೆ ಬಿತ್ತು ಎಂದು ಅದೇ ಪೇಪರಿನಲ್ಲಿ ಬರೆದರು. 2022ರಲ್ಲಿ ಇನ್ನೊಂದು ಅಧ್ಯಯನ ಎಲೆಯನ್ನೇ ನೋಡದೆ ಚಿತ್ರದ ಹಿನ್ನೆಲೆಯ ಬರೀ 8 ಪಿಕ್ಸೆಲ್ ತೆಗೆದುಕೊಂಡು ಮಾಡೆಲ್ ಕಟ್ಟಿತು. ಅದು ಶೇ 49ರಷ್ಟು ಸರಿಯುತ್ತರ ಕೊಟ್ಟಿತು. ಕಣ್ಣು ಮುಚ್ಚಿ ಊಹಿಸಿದರೆ ಬರುವುದು ಶೇ 2.6. ಅಂದರೆ ಯಂತ್ರ ಕಲಿಯುತ್ತಿದ್ದದ್ದು ರೋಗವನ್ನಷ್ಟೇ ಅಲ್ಲ, ಫೋಟೋ ತೆಗೆದ ಮೇಜನ್ನೂ.

ಇದು ನನಗೆ ಅರ್ಧ ಗಂಟೆಯ ಓದಿನಲ್ಲಿ ಸಿಕ್ಕಿತು. ಆ 2016ರ ಪೇಪರು ಅಳಿಯನ ಉಲ್ಲೇಖ ಪಟ್ಟಿಯಲ್ಲೇ ಇತ್ತು, ನಾಲ್ಕನೆಯದು. ಆರು ಲೇಖಕರಲ್ಲಿ ಅದನ್ನು ಓದಿದವರು ಯಾರೂ ಇಲ್ಲ. ಅದರ ಶೇ 99 ಎಲ್ಲರಿಗೂ ಗೊತ್ತು, ಶೇ 31 ಯಾರಿಗೂ ಗೊತ್ತಿಲ್ಲ.

ನಿಜವಾದ ವಿಷಯ ಆಮೇಲೆ ಬಂತು. ನಗು ನಿಂತ ಮೇಲೆ ಭಾವ ಎರಡು ಎಲೆ ಕಿತ್ತು ಅಂಗೈ ಮೇಲಿಟ್ಟರು. “ಇದು ನೋಡು, ಅಂಚು ಮ್ಯಾಲ ಮುದುಡೈತಿ, ದೋಣಿ ಆದಂಗ. ಇದು ಕೆಳಗ ಮುದುಡೈತಿ, ಕೊಡಿ ಬೋರಲು ಹಾಕ್ದಂಗ. ಎರಡಕ್ಕೂ ಮುಟುರು ಅಂತಾರ. ಖರೆ ಹುಳ ಬ್ಯಾರೆ ಬ್ಯಾರೆ, ಎಣ್ಣಿನೂ ಬ್ಯಾರೆ. ಅದನ್ನ ತಪ್ಪು ಹೊಡದ್ರ ರೊಕ್ಕನೂ ಹೋತು, ಬೆಳಿನೂ ಹೋತು.”

ನಾನು ಆಮೇಲೆ ನೋಡಿದೆ, ಭಾವ ಹೇಳಿದ್ದು ಕೃಷಿ ಪುಸ್ತಕದಲ್ಲಿ ಇರುವುದೇ. ಥ್ರಿಪ್ಸ್ ಬಿದ್ದರೆ ಎಲೆ ಮೇಲ್ಮುಖವಾಗಿ ಮುದುಡುತ್ತದೆ, ಮೈಟ್ ನುಸಿ ಬಿದ್ದರೆ ಕೆಳಮುಖವಾಗಿ. ಬಿಳಿನೊಣ ಹರಡುವ ವೈರಸ್ಸಿನ ಮುಟುರು ಇನ್ನೊಂದು. ಕೀಟನಾಶಕ ಬೇರೆ, ನುಸಿನಾಶಕ ಬೇರೆ. ಈಗ ಯೋಚಿಸಿ. ಒಂದು ಸಾಧಾರಣ ಮೊಬೈಲ್ ಫೋಟೋದಲ್ಲಿ ಮೇಲ್ಮುದುಡು ಮತ್ತು ಕೆಳಮುದುಡನ್ನು ಬೇರ್ಪಡಿಸಲು ಆಗುತ್ತದೆಯೇ? ಬೆಳಗಿನ ಬಿಸಿಲಿಗೂ ಮಧ್ಯಾಹ್ನದ ಬಿಸಿಲಿಗೂ ಉತ್ತರ ಬದಲಾಗುತ್ತದೆಯೇ? ಇಬ್ಬರು ರೈತರಿಗೆ ಒಂದೇ ಎಲೆ ತೋರಿಸಿದರೆ ಇಬ್ಬರೂ ಒಂದೇ ಹೇಳುತ್ತಾರೆಯೇ? ಇವು ಸಂಶೋಧನೆಯ ಪ್ರಶ್ನೆಗಳು. ಮನೆಯ ಹಿತ್ತಲಿನಿಂದ ನೂರು ಹೆಜ್ಜೆ ದೂರದಲ್ಲಿ ಬಿದ್ದಿದ್ದವು. ನಾಲ್ಕು ತಿಂಗಳಿಂದ ‘ಬೆಳೆಯ ರೋಗ’ದ ಮೇಲೆ ಕೆಲಸ ಮಾಡುತ್ತಿದ್ದ ಹುಡುಗ ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಯಾಕೆ ಕೇಳಬೇಕು? ಪೇಪರಿಗೆ ಅಪ್ಪ ಬೇಕಿರಲಿಲ್ಲ. ಅದಕ್ಕೆ ಡೌನ್‌ಲೋಡ್ ಸಾಕಿತ್ತು.

ಹುಡುಗರನ್ನು ಬೈಯುವುದು ಸುಲಭ, ಅದರಲ್ಲೂ ಕಾಲೇಜು ಮುಗಿಸಿ ಇಪ್ಪತ್ತು ವರ್ಷವಾದ ನಮ್ಮಂಥವರಿಗೆ. ಆದರೆ ಈ ಯಂತ್ರಕ್ಕೆ ಕೀಲಿ ಕೊಟ್ಟವರು ಅವರಲ್ಲ. ನ್ಯಾಕ್ ಮೌಲ್ಯಮಾಪನದಲ್ಲಿ ಸಂಶೋಧನೆಗೆ ಒಂದು ಪ್ರತ್ಯೇಕ ಮಾನದಂಡವಿದೆ, ಅಲ್ಲಿ ಪ್ರಕಟಣೆಗಳ ಲೆಕ್ಕ ಕೇಳುತ್ತಾರೆ. 2016ರಿಂದ ಬರುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಸಂಶೋಧನೆಯ ತೂಕ ಶೇ 30. ಮೇಷ್ಟ್ರ ಬಡ್ತಿಗೆ ಪೇಪರ್ ಬೇಕು. ವಾರಕ್ಕೆ ಹದಿನಾರು ಹದಿನೆಂಟು ತಾಸು ಪಾಠ, ಲ್ಯಾಬ್, ಪೇಪರ್ ತಿದ್ದುವುದು, ಅಡ್ಮಿಷನ್ ಸಮಯದಲ್ಲಿ ಊರೂರು ತಿರುಗಿ ವಿದ್ಯಾರ್ಥಿಗಳನ್ನು ಕರೆತರುವುದು, ಇದೆಲ್ಲ ಮಾಡಿಕೊಂಡು ಆ ಮೇಷ್ಟ್ರು ಸಂಶೋಧನೆಯನ್ನು ಯಾವ ಹೊತ್ತಿನಲ್ಲಿ ಮಾಡಬೇಕು? ಕೊನೆಯ ವರ್ಷದ ಹತ್ತು ಪ್ರಾಜೆಕ್ಟ್ ತಂಡಗಳಿಗೆ ‘ತಂಡಕ್ಕೊಂದು ಪೇಪರ್’ ಎಂದು ಹೇಳಿಬಿಟ್ಟರೆ ವರ್ಷಕ್ಕೆ ಹತ್ತು ಪ್ರಕಟಣೆ ತಾನಾಗಿ ಬರುತ್ತವೆ. ನನಗೆ ಅವರ ಮೇಲೆ ಸಿಟ್ಟಿಗಿಂತ ಕನಿಕರ ಹೆಚ್ಚು. ಸ್ವಲ್ಪ ಸಿಟ್ಟೂ ಇದೆ.

ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯದೆ ಇರುತ್ತದೆಯೇ? 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಕಂಪ್ಯೂಟರ್ ಸೈನ್ಸ್ ಪೇಪರುಗಳನ್ನು ತಾನೇ ಹೆಣೆಯುವ ‘ಸೈಜೆನ್’ ಎಂಬ ಪ್ರೋಗ್ರಾಂ ಬರೆದು, ಅದರ ಒಂದು ಪೇಪರನ್ನು ಸಮ್ಮೇಳನವೊಂದಕ್ಕೆ ಕಳಿಸಿ ಸ್ವೀಕೃತಿ ಪಡೆದರು. ಅದು ಕುಚೇಷ್ಟೆ. 2014ರಲ್ಲಿ ಸ್ಪ್ರಿಂಗರ್ ಮತ್ತು ಐಟ್ರಿಪಲ್‌ಇ ಸೇರಿ 120ಕ್ಕೂ ಹೆಚ್ಚು ಸೈಜೆನ್ ಪೇಪರುಗಳನ್ನು ತಮ್ಮ ಸಂಗ್ರಹದಿಂದ ತೆಗೆಯಬೇಕಾಯಿತು. ಅದು ಕುಚೇಷ್ಟೆಯಲ್ಲ, ವ್ಯಾಪಾರ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎದ್ದು ಕಾಣುವ ತಪ್ಪುಗಳಿದ್ದ ನಕಲಿ ಪೇಪರೊಂದನ್ನು 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ಅವನು ಕಳಿಸಿದ ಪತ್ರಿಕೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದಿಂದ ನಡೆಯುತ್ತಿದ್ದವು. ಹೈದರಾಬಾದಿನ ಗೆಳೆಯರಿಗೆ ನೆನಪಿರಬಹುದು, ಅಲ್ಲಿನ ಪ್ರಕಾಶನ ಸಂಸ್ಥೆಯೊಂದಕ್ಕೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕಿ ಕಟ್ಟಲು ಆದೇಶಿಸಿತು.

ಯುಜಿಸಿ ಸುಮ್ಮನೆ ಕೂತಿರಲಿಲ್ಲ ಎನ್ನಬಹುದು. 2018ರ ಮೇ ತಿಂಗಳಲ್ಲಿ ತಾನೇ ಒಪ್ಪಿದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. 2019ರಲ್ಲಿ ‘ಕೇರ್’ ಪಟ್ಟಿ ತಂದಿತು. 2025ರಲ್ಲಿ ಅದನ್ನೂ ಕೈಬಿಟ್ಟಿತು. ಪಟ್ಟಿ ಮಾಡುವುದು, ಪಟ್ಟಿ ಹರಿಯುವುದು. ಈ ನಡುವೆ ಒಂದು ಒಳ್ಳೆಯ ಕೆಲಸವೂ ಆಯಿತು: 2022ರ ನವೆಂಬರಿನ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಪೇಪರ್ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ತೆಗೆದರು. ತಮಾಷೆ ನೋಡಿ. ಪಿಎಚ್‌ಡಿ ಮಾಡುವವನಿಗೆ ಯುಜಿಸಿ ಬೇಡ ಎಂದದ್ದನ್ನು ಬಿಇ ಹುಡುಗನಿಂದ ಕಾಲೇಜು ಕೇಳುತ್ತಿದೆ.

ಹಾಗಾದರೆ ಪದವಿ ಹುಡುಗರಿಂದ ದೊಡ್ಡ ಕೆಲಸ ಆಗುವುದೇ ಇಲ್ಲವೇ ಎಂದು ಕೇಳುತ್ತೀರಿ. ಆಗುತ್ತದೆ, ಅದಕ್ಕೇ ನನಗೆ ಹೊಟ್ಟೆ ಉರಿಯುವುದು. 1906ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಹದಿನೆಂಟರ ಹುಡುಗ ಸಿ.ವಿ. ರಾಮನ್ ಕಾಲೇಜಿನ ಸ್ಪೆಕ್ಟ್ರೋಮೀಟರಿನಲ್ಲಿ ಬೆಳಕಿನ ಪಟ್ಟೆಗಳು ಎರಡೂ ಕಡೆ ಒಂದೇ ಸಮ ಇಲ್ಲದಿರುವುದನ್ನು ಗಮನಿಸಿ ಬರೆದದ್ದು ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಬಂತು. ಲೇಖಕ ಒಬ್ಬನೇ. ಗೈಡ್ ಇಲ್ಲ, ಎಚ್‌ಒಡಿ ಇಲ್ಲ.

ರಾಮನ್ ಉದಾಹರಣೆ ಕೊಟ್ಟರೆ ‘ಅವರು ರಾಮನ್ ಬಿಡ್ರಿ’ ಎನ್ನುತ್ತೀರಿ. ಸರಿ, ನಮ್ಮ ಕಾಲದ್ದೇ, ನಮ್ಮ ಕ್ಷೇತ್ರದ್ದೇ ಹೇಳುತ್ತೇನೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ, ಬೇಗ ಹೇಳಬಲ್ಲ ವಿಧಾನಕ್ಕೆ ಜಗತ್ತು ಬಹುಕಾಲ ಹುಡುಕುತ್ತಿತ್ತು. 2002ರ ಆಗಸ್ಟಿನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟರು. ಕಯಾಲ್ ಮತ್ತು ಸಕ್ಸೇನಾ ಅದೇ ವರ್ಷ ಬಿಟೆಕ್ ಮುಗಿಸಿದ ಹುಡುಗರು. 2006ರಲ್ಲಿ ಮೂವರಿಗೂ ಗೋಡೆಲ್ ಪ್ರಶಸ್ತಿ ಬಂತು. ಇಷ್ಟು ಎಲ್ಲರಿಗೂ ಗೊತ್ತು. ಇದರ ಹಿಂದಿನ ಕತೆ ನಮ್ಮ ವಿಷಯಕ್ಕೆ ಹೆಚ್ಚು ಬೇಕಾದದ್ದು. ಹಿಂದಿನ ವರ್ಷ, 2001ರಲ್ಲಿ, ರಜತ್ ಭಟ್ಟಾಚಾರ್ಜಿ ಮತ್ತು ಪ್ರಶಾಂತ್ ಪಾಂಡೆ ಎಂಬ ಇಬ್ಬರು ವಿದ್ಯಾರ್ಥಿಗಳು ತಮ್ಮ ಬಿಟೆಕ್ ಪ್ರಾಜೆಕ್ಟ್ ವರದಿಯಲ್ಲಿ ಒಂದು ಊಹೆಯನ್ನು ಬರೆದಿಟ್ಟು ಹೋದರು. ಸಾಧಿಸಲಿಲ್ಲ, ಬರೀ ಊಹೆ. ಮುಂದಿನ ವರ್ಷದ ಹುಡುಗರು ತಮ್ಮ ಬಿಟೆಕ್ ಪ್ರಾಜೆಕ್ಟಿನಲ್ಲಿ ಅದನ್ನು ಸಾವಿರ ಕೋಟಿವರೆಗಿನ ಸಂಖ್ಯೆಗಳಿಗೆ ಪರೀಕ್ಷಿಸಿ ನೋಡಿದರು. ಸಾಧಿಸಲು ಅವರಿಗೂ ಆಗಲಿಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಆ ಮೂಲ ಊಹೆ ಬಹುಶಃ ತಪ್ಪಿರಬಹುದು ಎಂದು ಮುಂದೆ ಬಲ್ಲವರು ವಾದಿಸಿದರು.

ಈಗ ಆ 2001ರ ವರದಿಯನ್ನು ನಮ್ಮ ಊರಿನ ಕಾಲೇಜಿನ ಕಣ್ಣಿನಿಂದ ನೋಡಿ. ಪ್ರಕಟವಾಗಿಲ್ಲ. ಶೇಕಡಾವಾರು ನಿಖರತೆ ಇಲ್ಲ. ಮುಗಿದೇ ಇಲ್ಲ. ‘ಇದು ನಿಜವಿರಬಹುದು, ನಮಗೆ ಗೊತ್ತಿಲ್ಲ’ ಎಂದು ಹೇಳುವ ವರದಿ. ಇವತ್ತಿನ ವೈವಾದಲ್ಲಿ ಇದಕ್ಕೆ ಎಷ್ಟು ಮಾರ್ಕ್ಸ್? ಆದರೆ ಅದನ್ನು ಮುಂದಿನ ವರ್ಷದವರು ಎತ್ತಿಕೊಳ್ಳಲು ಸಾಧ್ಯವಾದದ್ದು ಅದು ಪ್ರಾಮಾಣಿಕವಾಗಿ ಅರ್ಧದಲ್ಲಿ ನಿಂತಿತ್ತು ಅನ್ನುವ ಕಾರಣಕ್ಕೆ. ನನ್ನ ಅಳಿಯನ ಶೇ 98.2ನ್ನು ಮುಂದಿನ ವರ್ಷದ ಹುಡುಗ ಎತ್ತಿಕೊಂಡು ಏನು ಮಾಡುತ್ತಾನೆ? ಶೇ 98.7 ಮಾಡುತ್ತಾನೆ.

ಸಮಾಧಾನಕ್ಕೆ ಹೇಳುವ ಮಾತುಗಳು ನನಗೂ ಗೊತ್ತು. ಪೇಪರ್ ಬರೆಯುವ ನೆಪದಲ್ಲಾದರೂ ನಾಲ್ಕಕ್ಷರ ಓದುತ್ತಾರೆ, ಅಂತಾರೆ. ಓದುವುದಿಲ್ಲ, ಮೇಲೆ ಹೇಳಿದ ನಾಲ್ಕನೇ ಉಲ್ಲೇಖವೇ ಸಾಕ್ಷಿ. ಇಂಗ್ಲಿಷ್ ಬರವಣಿಗೆ ಸುಧಾರಿಸುತ್ತದೆ, ಅಂತಾರೆ. ಚಾಟ್‌ಜಿಪಿಟಿ ಬಂದ ಮೇಲೆ ಯಾರ ಬರವಣಿಗೆ ಸುಧಾರಿಸುತ್ತಿದೆ ಎಂದು ಕೇಳಬೇಕಾಗಿದೆ. ಎಂಎಸ್‌ಗೆ ಹೊರದೇಶಕ್ಕೆ ಹೋಗುವವರಿಗೆ ಬೇಕಾಗುತ್ತದೆ, ಅಂತಾರೆ. ಇದು ಸ್ವಲ್ಪ ಗಟ್ಟಿ ಮಾತು. ಒಳ್ಳೆಯ ಪೇಪರ್ ಇದ್ದರೆ ಅನುಕೂಲವೇ, ಒಪ್ಪುತ್ತೇನೆ. ಆದರೆ ಎರಡು ದಿನದಲ್ಲಿ ಒಪ್ಪಿಕೊಳ್ಳುವ ಸಮ್ಮೇಳನದ ಹೆಸರು ಓದಿದರೆ ಅರ್ಜಿ ನೋಡುವ ಪ್ರಾಧ್ಯಾಪಕರಿಗೆ ಅದು ಏನೆಂದು ತಿಳಿಯುವುದಿಲ್ಲವೇ? ಆ 4,500 ರೂಪಾಯಿಗೆ ಹುಡುಗ ಕೊಂಡದ್ದು ತನ್ನ ಹೆಸರಿನ ಮೇಲೆ ಒಂದು ಕಲೆ, ಅದೂ ಅಂತರ್ಜಾಲದಲ್ಲಿ ಅಳಿಸಲಾಗದ್ದು.

‘ಕಡ್ಡಾಯ ಮಾಡದಿದ್ದರೆ ಯಾರೂ ಏನೂ ಮಾಡುವುದಿಲ್ಲ’ ಎಂಬುದೊಂದಿದೆ. ಕಡ್ಡಾಯ ಮಾಡಿ. ಪ್ರಕಟಣೆಯನ್ನಲ್ಲ, ದಿನಚರಿಯನ್ನು ಕಡ್ಡಾಯ ಮಾಡಿ. ಯಾವ ದಿನ ಏನು ಮಾಡಿದೆ, ಏನು ಕೆಟ್ಟಿತು, ಯಾಕೆ ಕೆಟ್ಟಿತು ಅಂದುಕೊಂಡೆ ಎಂದು ಕೈಯಲ್ಲಿ ಬರೆದ ಒಂದು ನೋಟ್‌ಬುಕ್. ವೈವಾದಲ್ಲಿ ಅದನ್ನು ತೆರೆದು ಯಾವುದಾದರೊಂದು ಪುಟದ ಬಗ್ಗೆ ಕೇಳಿ. ಹೊಸ ಶಿಕ್ಷಣ ನೀತಿಯ ನಾಲ್ಕನೇ ವರ್ಷದಲ್ಲಿ ಶೇ 75 ಪಡೆದವರಿಗೆ ಸಂಶೋಧನೆಯ ದಾರಿ, 12 ಕ್ರೆಡಿಟ್ಟಿನ ಪ್ರಬಂಧ ಎಂದೆಲ್ಲ ಇದೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೆ ವಾಪಸ್ ಬಂತು, ಆದರೆ ನಾವಿರುವ ಪುಣೆ, ಮುಂಬೈ, ದೆಹಲಿಯಲ್ಲಿ ನಮ್ಮ ಮಕ್ಕಳು ಅದನ್ನೇ ಓದುವವರು. ಅಲ್ಲಿಯೂ ಪ್ರಬಂಧ ಎಂದರೆ ಪ್ರಕಟಣೆ ಎಂದು ಯಾರಾದರೂ ಸುತ್ತೋಲೆ ಹೊರಡಿಸುವ ದಿನ ದೂರವಿಲ್ಲ ಎಂಬ ಭಯ ನನ್ನದು.

ಮತ್ತೆ ಭಾಷೆ. ಹೊಲದಲ್ಲಿ ನಿಂತು ಅಳಿಯ ತನ್ನ ಮಾಡೆಲ್ ಯಾಕೆ ಸೋತಿತು ಎಂದು ಅಪ್ಪನಿಗೆ ಕನ್ನಡದಲ್ಲಿ ವಿವರಿಸಿದ. “ನಾ ಇದಕ್ಕ ಬರೇ ಮೇಜಿನ ಮ್ಯಾಲಿನ ಎಲಿ ತೋರ್ಸೇನಿ ಅಪ್ಪಾ. ಇಲ್ಲಿ ಹಿಂದ ಮಣ್ಣೈತಿ, ನೆಳ್ಳೈತಿ, ಇನ್ನೊಂದು ಎಲಿ ಅಡ್ಡ ಬಂದೈತಿ. ಅದಕ್ಕ ಗೊಂದಲ ಆಗೇತಿ.” ಎರಡು ನಿಮಿಷ ಹಿಡಿಯಲಿಲ್ಲ. ಆರು ಪುಟದ ಇಂಗ್ಲಿಷಿನಲ್ಲಿ ಈ ಒಂದು ವಿಚಾರ ಎಲ್ಲೂ ಇರಲಿಲ್ಲ. ಆ ಇಂಗ್ಲಿಷ್ ಅವನಿಗೆ ಯೋಚಿಸುವ ಭಾಷೆಯಲ್ಲ, ಅಡಗಿಕೊಳ್ಳುವ ಜಾಗ. ಅವನ ಗೈಡಿಗೂ ಹಾಗೆಯೇ ಇರಬಹುದು. ಇಂಗ್ಲೆಂಡಿನ ಬ್ಲ್ಯಾಕಾಟನ್ ಹಳ್ಳಿಯ ಪ್ರಾಥಮಿಕ ಶಾಲೆಯ 25 ಮಕ್ಕಳು, ಎಂಟರಿಂದ ಹತ್ತು ವಯಸ್ಸಿನವರು, ದುಂಬಿಗಳು ಬಣ್ಣ ಮತ್ತು ಜಾಗ ಎರಡನ್ನೂ ಗುರುತಿಟ್ಟು ಹೂವು ಹುಡುಕುತ್ತವೆ ಎಂದು ಪ್ರಯೋಗ ಮಾಡಿ ಬರೆದದ್ದು 2010ರಲ್ಲಿ ‘ಬಯಾಲಜಿ ಲೆಟರ್ಸ್’ನಲ್ಲಿ ಪ್ರಕಟವಾಯಿತು. ಮಕ್ಕಳ ಮಾತಿನಲ್ಲೇ, ಬಣ್ಣದ ಪೆನ್ಸಿಲ್ಲಿನ ಚಿತ್ರಗಳೊಂದಿಗೆ. ಅವರು ತಮ್ಮ ಮನೆಮಾತಿನಲ್ಲಿ ಬರೆದರು, ಅದು ಇಂಗ್ಲಿಷ್ ಆಗಿತ್ತು ಅಷ್ಟೆ. ನಮ್ಮ ಹುಡುಗರಿಗೆ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಲು ಬಿಟ್ಟರೆ ಆಕಾಶ ಬೀಳುವುದಿಲ್ಲ. ‘ಡೇಟಾಸೆಟ್’ಗೆ ಕನ್ನಡ ಪದ ಹುಡುಕಬೇಡಿ, ಹಾಗೇ ಬರೆಯಿರಿ. ವಾಕ್ಯ ನಿಮ್ಮದಾಗಿರಲಿ.

ಇದು ನನಗೆ ಯಾಕೆ ಇಷ್ಟು ಮುಖ್ಯ, ನಾನೇನು ಮೇಷ್ಟ್ರೇ ಎಂದು ನೀವು ಕೇಳಬಹುದು. ನಾನು ಪ್ರಾಜೆಕ್ಟ್ ಮ್ಯಾನೇಜರ್. ನನ್ನ ಟೀಮಿಗೆ ವರ್ಷವೂ ಹೊಸಬರು ಬರುತ್ತಾರೆ. ಎರಡು ವರ್ಷದ ಹಿಂದೆ ಹೀಗೆ ಬಂದ ಒಬ್ಬ, ರೆಸ್ಯೂಮೆಯಲ್ಲಿ ಎರಡು ಪೇಪರ್ ಇದ್ದವನು, ಒಂದು ಮಾಡ್ಯೂಲಿನ ಟೆಸ್ಟಿಂಗ್ ಮುಗಿದಿದೆ ಎಂದು ಶೀಟಿನಲ್ಲಿ ಹಸಿರು ಹಾಕಿದ. ಮುಗಿದಿರಲಿಲ್ಲ. ನಮ್ಮಲ್ಲಿ ಇದಕ್ಕೆ ಕಲ್ಲಂಗಡಿ ರಿಪೋರ್ಟ್ ಅನ್ನುತ್ತೇವೆ, ಹೊರಗೆ ಹಸಿರು, ಒಳಗೆ ಕೆಂಪು. ಶನಿವಾರ ರಾತ್ರಿ ರಿಲೀಸ್ ಬಿತ್ತು, ಭಾನುವಾರ ಸಂಜೆವರೆಗೆ ಹನ್ನೊಂದು ಜನ ಆಫೀಸಿನಲ್ಲಿ. ಸೋಮವಾರ ಅವನನ್ನು ಕರೆದು ಕೇಳಿದಾಗ ಅವನಿಗೆ ನಾಚಿಕೆಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. “ಸರ್, ಆಲ್ಮೋಸ್ಟ್ ಆಗಿತ್ತು.” ಫಲಿತಾಂಶ ಮೊದಲು, ಪ್ರಯೋಗ ಆಮೇಲೆ ಎಂಬುದನ್ನು ಅವನು ನಮ್ಮಲ್ಲಿ ಕಲಿತದ್ದಲ್ಲ. ಕಲಿತುಕೊಂಡೇ ಬಂದಿದ್ದ, ಸರ್ಟಿಫಿಕೇಟ್ ಸಮೇತ. ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಏನು ಗೊತ್ತಿಲ್ಲ ಎಂದು ಒಂದು ಪುಟದಲ್ಲಿ ನೆಟ್ಟಗೆ ಬರೆಯುವವನು ಸಿಕ್ಕರೆ ನಾನು ಪೇಪರ್ ಕೇಳದೆ ಕೆಲಸ ಕೊಡುತ್ತೇನೆ. ಸಿಗುವುದು ಅಪರೂಪ.

ನನ್ನದೂ ಒಂದು ಇದೆ. 2006, ಎಂಟೆಕ್. ವೈರ್‌ಲೆಸ್ ಜಾಲಗಳ ರೂಟಿಂಗ್ ಮೇಲೆ ಎನ್‌ಎಸ್-2 ಸಿಮ್ಯುಲೇಟರಿನಲ್ಲಿ ಇಪ್ಪತ್ತು ಸಲ ಓಡಿಸಿದೆ. ಗ್ರಾಫ್ ಮೇಲೆ ಕೆಳಗೆ ಕುಣಿಯುತ್ತಿತ್ತು. ಗೈಡ್ ನೋಡಿ “ಸ್ವಲ್ಪ ನೀಟ್ ಮಾಡ್ಕೊಂಡು ಬನ್ನಿ” ಎಂದರು. ಒಳ್ಳೆಯ ಐದು ಓಟಗಳನ್ನು ಇಟ್ಟುಕೊಂಡು ಹದಿನೈದನ್ನು ಬಿಟ್ಟೆ. ಗೆರೆ ನೆಟ್ಟಗಾಯಿತು. ಆ ಪೇಪರನ್ನು ಯಾರೂ ಓದಿಲ್ಲ, ಅದರಿಂದ ಯಾರ ಜಾಲವೂ ಕೆಡಲಿಲ್ಲ. ಆದರೆ ಆ ಹದಿನೈದು ಓಟಗಳು ಯಾಕೆ ಹಾಗೆ ಬಂದವು ಎಂದು ನೋಡಿದ್ದರೆ ಅಲ್ಲೇನಾದರೂ ಇತ್ತೋ ಏನೋ. ಹತ್ತೊಂಬತ್ತು ವರ್ಷ ಆ ಪೇಪರಿನ ಹೆಸರು ನನ್ನ ಲಿಂಕ್ಡ್‌ಇನ್‌ನಲ್ಲಿತ್ತು. ಈ ಲೇಖನ ಬರೆಯಲು ಕೂತ ದಿನ ತೆಗೆದೆ.

ಅಳಿಯನ ಕತೆ ಮುಗಿಸುತ್ತೇನೆ. ದೀಪಾವಳಿ ಆದ ಮೇಲೆ ಅವನಿಗೇ ಒಂದು ಹುಕಿ ಹತ್ತಿತು. ವಾರಕ್ಕೊಮ್ಮೆ ಊರಿಗೆ ಬಂದು ಜನವರಿವರೆಗೆ 340 ಎಲೆಗಳ ಫೋಟೋ ತೆಗೆದ. ಪ್ರತಿ ಎಲೆಗೂ ಅಪ್ಪನಿಂದ ಒಂದು, ಪಕ್ಕದ ಹೊಲದ ಕಾಕಾನಿಂದ ಒಂದು ಅಭಿಪ್ರಾಯ ಬರೆಸಿಕೊಂಡ. 41 ಎಲೆಗಳ ವಿಷಯದಲ್ಲಿ ಇಬ್ಬರೂ ಜಗಳಾಡಿದರು. ಮಾಡೆಲ್ ಕಟ್ಟಿದಾಗ ಬಂದ ನಿಖರತೆ ಶೇ 63. ಇದನ್ನು ಪ್ರಾಜೆಕ್ಟ್ ವರದಿಯ ಕೊನೆಯ ಅಧ್ಯಾಯವಾಗಿ ಸೇರಿಸಿ ಕೊಟ್ಟ. ಪೇಪರಿನಲ್ಲಿ 98 ಇರುವಾಗ ವರದಿಯಲ್ಲಿ 63 ಇದ್ದರೆ ಬಾಹ್ಯ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ ಎಂದು ಆ ಅಧ್ಯಾಯವನ್ನು ತೆಗೆಸಿದರು. ಪ್ರಶ್ನೆ ಕೇಳಿಸಿಕೊಳ್ಳುವ ಭಯಕ್ಕೆ ಸಂಶೋಧನೆಯನ್ನು ತೆಗೆದರು. ಸಮ್ಮೇಳನದ ಸರ್ಟಿಫಿಕೇಟನ್ನು ಅಕ್ಕ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಅದನ್ನು ತೆಗಿ ಎಂದು ಅವಳಿಗೆ ಹೇಗೆ ಹೇಳುವುದು ನನಗೆ ತಿಳಿದಿಲ್ಲ.

ತೆಗೆಸಿದ ಅಧ್ಯಾಯವನ್ನು ಅವನು ಕನ್ನಡದಲ್ಲಿ ಬರೆದು ನನಗೆ ವಾಟ್ಸಪ್ ಮಾಡಿದ. ಎಂಟು ಪುಟ. 41 ಎಲೆಗಳ ಜಗಳಕ್ಕೇ ಒಂದೂವರೆ ಪುಟ. ನಾನು ಇಂಗ್ಲಿಷ್ ತಿದ್ದಬೇಕಾಗಿರಲಿಲ್ಲ.

ನನ್ನ ಕೈಯಲ್ಲಿದ್ದದ್ದು ಒಂದೇ. ನಮ್ಮ ಕಂಪನಿಯ ಕ್ಯಾಂಪಸ್ ಆಯ್ಕೆಯ ಫಾರ್ಮಿನಲ್ಲಿ ‘ಪ್ರಕಟಣೆಗಳು’ ಎಂಬ ಕಾಲಮ್ಮಿಗೆ 5 ಅಂಕವಿದೆ. ಎಷ್ಟೋ ವರ್ಷ ನಾನೇ ಕಣ್ಣು ಮುಚ್ಚಿ ತುಂಬಿದ್ದೇನೆ. ಅದನ್ನು ತೆಗೆದು, ಅಭ್ಯರ್ಥಿ ಕೆಟ್ಟುಹೋದ ಒಂದು ಪ್ರಯೋಗದ ಬಗ್ಗೆ ಹತ್ತು ನಿಮಿಷ ಮಾತಾಡಲಿ ಎಂದು ಎಚ್‌ಆರ್‌ಗೆ ಬರೆದೆ. ಫಾರ್ಮ್ ಹೆಡ್ ಆಫೀಸಿನದು, ಟಿಕೆಟ್ ಹಾಕಿ ಎಂದರು. ಹಾಕಿದ್ದೇನೆ. ಏಳು ವಾರವಾಯಿತು, ‘ಪರಿಶೀಲನೆಯಲ್ಲಿದೆ’ ಎಂದು ತೋರಿಸುತ್ತಿದೆ. ನಿಮ್ಮ ಕಂಪನಿಗಳಲ್ಲೂ ಆ ಕಾಲಂ ಇರುತ್ತದೆ. ಒಂದೊಂದು ಟಿಕೆಟ್ ಹಾಕಿ.